ಮನೆ ತೊರೆದ ಶಾಕ್ಯಮುನಿ

ಗೌತಮಬುದ್ಧನ ಹೆಸರನ್ನು ಕೇಳದ ಗೃಹಸ್ಥರು ವಿರಳ. ಮುದುಕನನ್ನೂ ರೋಗಿಯನ್ನೂ ಶವವನ್ನೂ ಸನ್ಯಾಸಿಯನ್ನೂ ಕಂಡು ವೈರಾಗ್ಯ ತಾಳಿದ ರಾಜಕುಮಾರನು, ನಿದ್ರಿಸುತ್ತಿದ್ದ ಮಡದಿಯನ್ನೂ ಹಸುಗೂಸನ್ನೂ ಬಿಟ್ಟು ನಡುರಾತ್ರಿಯಲ್ಲಿ ಕುದುರೆಯೇರಿ ಹೊರಟುಹೋದನೆಂಬ ಕಥೆಯು ಬಾಲಬೋಧೆಯ ಪುಸ್ತಕಗಳಿಂದಲೇ ಎಲ್ಲರಿಗೂ ಪರಿಚಿತವಾದುದು. ಈ ಕಥೆಯನ್ನು ಕೇಳಿದಾಗ ಸಂಸಾರದಲ್ಲಿರುವವನ ಮನಸ್ಸಿನಲ್ಲಿ ಒಂದು ಅಳುಕು ಮೂಡುವುದು ಸಹಜ. ಮನೆಯನ್ನು ಬಿಟ್ಟಲ್ಲದೆ ಬಿಡುಗಡೆಯಿಲ್ಲವೆ? ಬಿಟ್ಟುಹೋದವನ ಹಿಂದೆ ಉಳಿದವರ ಗತಿಯೇನು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಮಹಾಪುರುಷನ ಜೀವನವನ್ನು ನೋಡಿದರೆ, ಜನಪ್ರಿಯ ಕಥೆಗಳಲ್ಲಿ ಮರೆಯಾಗಿರುವ ಅನೇಕ ಸಂಗತಿಗಳು ಕಣ್ಣಿಗೆ ಬೀಳುತ್ತವೆ.

ಗೌತಮನು ಜನಿಸಿದ್ದು ಇಂದಿನ ನೇಪಾಳದ ತರಾಯಿ ಪ್ರದೇಶದ ಲುಂಬಿನಿಯಲ್ಲಿ. 1896ರಲ್ಲಿ ಅಲ್ಲಿ ಬೆಳಕಿಗೆ ಬಂದ ಅಶೋಕನ ಸ್ತಂಭಶಾಸನವು ಆ ಸ್ಥಳವನ್ನು ನಿಸ್ಸಂದೇಹವಾಗಿ ತೋರಿಸಿಕೊಟ್ಟಿದೆ. ಕಾಲದ ವಿಷಯದಲ್ಲಿ ಮಾತ್ರ ಏಕಾಭಿಪ್ರಾಯವಿಲ್ಲ. ಸಿಂಹಳದ ಸಂಪ್ರದಾಯವು ಆತನ ಪರಿನಿರ್ವಾಣವನ್ನು ಕ್ರಿ.ಪೂ. 544ರಲ್ಲಿ ಇರಿಸಿದರೆ, ಅನೇಕ ಇತಿಹಾಸಕಾರರು ಕ್ರಿ.ಪೂ. 483 ಎಂದರು, ಇನ್ನು ಕೆಲವರು ಅದನ್ನು ಕ್ರಿ.ಪೂ. 400ರ ಸಮೀಪಕ್ಕೆ ತರುತ್ತಾರೆ. ತಂದೆ ಶುದ್ಧೋದನನು ಚಕ್ರವರ್ತಿಯೇನೂ ಅಲ್ಲ. ಕೋಸಲ ರಾಜ್ಯದ ಹಿರಿತನಕ್ಕೆ ಒಳಪಟ್ಟಿದ್ದ ಶಾಕ್ಯರೆಂಬ ಸಣ್ಣ ಗಣದ ಮುಖ್ಯಸ್ಥ. ತಾಯಿ ಮಾಯಾದೇವಿಯು ಹೆತ್ತ ಏಳನೆಯ ದಿನವೇ ತೀರಿಕೊಂಡಳು. ಕೂಸನ್ನು ಎದೆಗವಚಿ ಸಾಕಿದವಳು ಚಿಕ್ಕತಾಯಿ ಮಹಾಪ್ರಜಾಪತಿ ಗೌತಮಿ.

ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಆತನು ಮನೆ ಬಿಟ್ಟನು. ಬುದ್ಧನೇ ತನ್ನ ಗೃಹತ್ಯಾಗವನ್ನು ಸ್ಮರಿಸಿಕೊಳ್ಳುವ ಪ್ರಾಚೀನ ಪಾಲಿ ಸೂತ್ರವೊಂದುಂಟು. ಅದರಲ್ಲಿ ನಡುರಾತ್ರಿಯ ಮಾತಿಲ್ಲ, ಕುದುರೆಯ ಮಾತಿಲ್ಲ. ತಂದೆತಾಯಿಗಳು ಒಪ್ಪದೆ ಕಣ್ಣೀರು ಸುರಿಸುತ್ತಿರುವಾಗಲೇ, ಕಪ್ಪುಕೂದಲಿನ ತರುಣನಾಗಿದ್ದ ತಾನು ತಲೆ ಬೋಳಿಸಿಕೊಂಡು ಕಾಷಾಯ ಧರಿಸಿ ಹೊರಟೆನೆಂದು ಮಾತ್ರ ಹೇಳಿದೆ. ನಾಲ್ಕು ನೋಟಗಳ ಪ್ರಸಂಗವಾದರೂ ಆ ಹಳೆಯ ಸೂತ್ರಗಳಲ್ಲಿ ಹಿಂದಿನ ಯುಗದ ಬೇರೊಬ್ಬ ಬುದ್ಧನ ಕಥೆಯಾಗಿ ಬಂದುದು. ಗುಟ್ಟಾಗಿ ಓಡಿಹೋದುದಕ್ಕಿಂತ, ಅಳುವವರ ಮುಂದೆಯೇ ಎದ್ದು ನಡೆದ ಈ ಸಂಗತಿಯು ಹೆಚ್ಚು ಕಠೋರವೂ ಹೆಚ್ಚು ಪ್ರಾಮಾಣಿಕವೂ ಆಗಿ ತೋರುತ್ತದೆ. ಆ ಕಣ್ಣೀರನ್ನು ಆತನು ಮುಂದೆಂದೂ ಮರೆಮಾಚಲಿಲ್ಲ.

ಆಳಾರಕಾಲಾಮ, ಉದ್ದಕ ರಾಮಪುತ್ರರೆಂಬ ಗುರುಗಳ ಬಳಿ ಧ್ಯಾನಮಾರ್ಗವನ್ನು ಕಲಿತು, ಅದರಿಂದ ತೃಪ್ತಿಯಾಗದೆ, ನೈರಂಜನಾ ನದಿಯ ದಡದ ಉರುವೇಲೆಯಲ್ಲಿ ಐವರು ಸಂಗಾತಿಗಳೊಡನೆ ಘೋರ ತಪಸ್ಸಿಗೆ ತೊಡಗಿದನು. ಹೊಟ್ಟೆಯನ್ನು ಮುಟ್ಟಿದರೆ ಬೆನ್ನೆಲುಬು ಕೈಗೆ ಸಿಕ್ಕುವಷ್ಟು ದೇಹವನ್ನು ಒಣಗಿಸಿದನು. ಫಲ ಮಾತ್ರ ಶೂನ್ಯ. ಆಗ ಆತನಿಗೆ ನೆನಪಾದುದು ಬಾಲ್ಯದ ಒಂದು ದಿನ. ತಂದೆಯು ಹೊಲದಲ್ಲಿ ಕೆಲಸದಲ್ಲಿದ್ದಾಗ ನೇರಿಳೆ ಮರದ ತಂಪು ನೆರಳಿನಲ್ಲಿ ಕುಳಿತಿದ್ದ ಹುಡುಗನ ಮನಸ್ಸು ತಾನಾಗಿ ಶಾಂತವಾಗಿ ಆನಂದದಲ್ಲಿ ನೆಲೆಸಿತ್ತು. ಆ ಸುಖದಲ್ಲಿ ಪಾಪವೇನಿತ್ತು, ಅದಕ್ಕೇಕೆ ಅಂಜಬೇಕು ಎಂದು ಆತನು ಆಲೋಚಿಸಿದನು. ಮನೆ ಬಿಟ್ಟು ಆರು ವರ್ಷಗಳ ಅಲೆದಾಟದ ಬಳಿಕ ದಾರಿಯ ಸುಳಿವು ಸಿಕ್ಕಿದ್ದು ತಂದೆಯ ಹೊಲದ ನೆನಪಿನಲ್ಲಿ ಎಂಬುದು ಗಮನಿಸತಕ್ಕ ವಿಷಯ. ಆತನು ಆಹಾರವನ್ನು ಸ್ವೀಕರಿಸಿದನು. ಪಾಯಸವನ್ನು ನೀಡಿದವಳು ಸುಜಾತೆಯೆಂಬ ಗೃಹಿಣಿಯೆಂದು ಸಂಪ್ರದಾಯವು ಹೇಳುತ್ತದೆ. ಸಂಗಾತಿಗಳು ಭ್ರಷ್ಟನಾದನೆಂದು ಜರೆದು ತೊಲಗಿದರು. ವೈಶಾಖ ಹುಣ್ಣಿಮೆಯಂದು ಅರಳೀಮರದ ಬುಡದಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಆತನಿಗೆ ಬೋಧಿ ಲಭಿಸಿತು.

ಕಂಡ ಸತ್ಯವು ಸೂಕ್ಷ್ಮವಾದುದು, ಆಸೆಯಲ್ಲಿ ಮುಳುಗಿದ ಲೋಕಕ್ಕೆ ಅದು ತಿಳಿಯದು ಎಂದು ಮೊದಲು ಹಿಂಜರಿದ ಬುದ್ಧನು, ಕಣ್ಣಲ್ಲಿ ಧೂಳು ಕಡಿಮೆಯಿರುವ ಕೆಲವರಾದರೂ ಉಂಟೆಂದು ಬಗೆದು, ಕಾಶಿಯ ಬಳಿಯ ಸಾರನಾಥಕ್ಕೆ ನಡೆದು, ತನ್ನನ್ನು ಜರೆದು ಹೋಗಿದ್ದ ಆ ಐವರಿಗೇ ಮೊದಲ ಬೋಧೆಯನ್ನು ಮಾಡಿದನು. ಭೋಗದಲ್ಲಿ ಮೈಮರೆಯುವುದೂ ತಗದು, ದೇಹವನ್ನು ದಂಡಿಸುವುದೂ ತಗದು. ಇವೆರಡರ ನಡುವಿನ ಮಧ್ಯಮಮಾರ್ಗವೇ ಸರಿಯಾದುದು. ವೈದ್ಯನು ರೋಗವನ್ನು ನೋಡುವಂತೆ ಆತನು ಬಾಳನ್ನು ನೋಡಿದನು. ಹುಟ್ಟು, ಮುಪ್ಪು, ಸಾವು, ಪ್ರಿಯರ ಅಗಲಿಕೆ, ಬೇಡವಾದುದರ ಸಂಗ ಇವೆಲ್ಲ ದುಃಖ. ಈ ರೋಗಕ್ಕೆ ನಿದಾನವುಂಟು, ಅದು ತೃಷ್ಣೆ. ಬೇಕು ಬೇಕೆಂಬ ದಾಹ. ದಾಹವು ಅಡಗಿದರೆ ದುಃಖವೂ ಅಡಗುತ್ತದೆ, ಅದೇ ನಿರ್ವಾಣ. ಅದಕ್ಕೆ ಔಷಧವು ಎಂಟು ಅಂಗಗಳ ಮಾರ್ಗ: ದೃಷ್ಟಿ, ಸಂಕಲ್ಪ, ಮಾತು, ನಡತೆ, ಜೀವನೋಪಾಯ, ಪ್ರಯತ್ನ, ಸ್ಮೃತಿ, ಸಮಾಧಿ ಇವು ಎಂಟೂ ಸಮ್ಯಕ್ಕಾಗಿರಬೇಕು. ಇವುಗಳಲ್ಲಿ ಜೀವನೋಪಾಯವೂ ಒಂದಾಗಿರುವುದನ್ನು ದುಡಿದು ಉಣ್ಣುವವರು ಲಕ್ಷಿಸಬೇಕು. ಶಸ್ತ್ರ, ಪ್ರಾಣಿ, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರವು ಉಪಾಸಕನಿಗೆ ನಿಷಿದ್ಧವೆಂದು ಆತನು ವಿಧಿಸಿದನು.

ಶಿವಭಕ್ತರಿಗೆ ಬುದ್ಧನ ಬೋಧೆಯಲ್ಲಿ ಎದ್ದು ಕಾಣುವ ಕೊರತೆಯೊಂದಿದೆ, ಅದನ್ನು ಮುಚ್ಚಿಡಬೇಕಾದುದಿಲ್ಲ. ಜಗತ್ತನ್ನು ಸೃಜಿಸಿದ ಈಶ್ವರನನ್ನು ಆತನು ಬೋಧಿಸಲಿಲ್ಲ. ನಿತ್ಯವಾದ ಆತ್ಮವನ್ನೂ ಒಪ್ಪಲಿಲ್ಲ. ದೇಹ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳ ಕೂಟಕ್ಕೆ ನಾನು ಎಂಬ ಹೆಸರು ಬಂದಿದೆ. ಅವುಗಳಲ್ಲಿ ಯಾವುದೂ ನಿಲ್ಲುವುದಲ್ಲ, ಯಾವುದೂ ತನ್ನ ವಶದಲ್ಲಿಲ್ಲ. ಆದರೂ ಕರ್ಮವುಂಟು, ಮರುಹುಟ್ಟೂ ಉಂಟು. ಒಂದು ದೀಪದಿಂದ ಇನ್ನೊಂದು ದೀಪವನ್ನು ಹೊತ್ತಿಸಿದಾಗ ಯಾವ ವಸ್ತುವೂ ದಾಟಿ ಹೋಗದಿದ್ದರೂ ಉರಿಯು ಮುಂದುವರಿಯುವಂತೆ ಎಂದು ನಂತರದ ಬೌದ್ಧಾಚಾರ್ಯರು ಇದನ್ನು ವಿವರಿಸಿದರು. ಲೋಕವು ಅನಂತವೋ ಸಾಂತವೋ, ಮುಕ್ತನು ಸಾವಿನ ಬಳಿಕ ಇರುವನೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಬುದ್ಧನು ಉತ್ತರಿಸಲಿಲ್ಲ. ವಿಷದ ಬಾಣ ನೆಟ್ಟವನು, ಹೊಡೆದವನ ಕುಲವೇನು, ಬಿಲ್ಲು ಯಾವ ಮರದ್ದು ಎಂಬುದು ತಿಳಿಯುವ ತನಕ ಬಾಣವನ್ನು ಕೀಳಗೊಡೆನೆಂದು ಹಟ ಹಿಡಿದರೆ ಏನಾಗುವುದೋ, ಅಂತಹ ಪ್ರಶ್ನೆ ಹಿಡಿದು ಕುಳಿತವನ ಗತಿಯೂ ಅದೇ ಎಂಬುದು ಆತನ ಉಪಮಾನ. ಭಕ್ತಿಯ ಹಾದಿಯವರಿಗೆ ಈ ಮೌನವು ರುಚಿಸದಿರಬಹುದು. ಆದರೆ ಅದರ ಹಿಂದಿದ್ದುದು ತಾತ್ಸಾರವಲ್ಲ, ಬಾಣ ಕೀಳುವ ಆತುರ.

ಕಾಶಿಯ ಶ್ರೀಮಂತನ ಮಗ ಯಶನು ಭಿಕ್ಷುವಾದನು; ಮಗನನ್ನು ಹುಡುಕಿಕೊಂಡು ಬಂದ ತಂದೆಯು ಬುದ್ಧ, ಧರ್ಮ, ಸಂಘಗಳೆಂಬ ಮೂರಕ್ಕೂ ಶರಣುಹೋದ ಪ್ರಥಮ ಗೃಹಸ್ಥನಾದನು. ಮನೆಯಲ್ಲಿದ್ದು ಶರಣುಹೋದವರು ಐದು ಶೀಲಗಳನ್ನು ಹಿಡಿಯಬೇಕು: ಕೊಲ್ಲದಿರುವುದು, ಕೊಡದುದನ್ನು ಕೊಳ್ಳದಿರುವುದು, ವ್ಯಭಿಚರಿಸದಿರುವುದು, ಸುಳ್ಳಾಡದಿರುವುದು, ಮದ್ಯ ಮುಟ್ಟದಿರುವುದು. ಹುಣ್ಣಿಮೆ ಅಮಾವಾಸ್ಯೆಗಳಂದು ಉಪೋಸಥ ವ್ರತ. ಭಿಕ್ಷುಗಳಿಗಾದರೋ ಮೂರು ಚೀವರ, ಒಂದು ಪಾತ್ರೆ, ಮಧ್ಯಾಹ್ನದೊಳಗೆ ಭೋಜನ. ಮಳೆಗಾಲದ ಮೂರು ತಿಂಗಳು ಒಂದೆಡೆ ವಾಸ, ಉಳಿದ ಕಾಲದಲ್ಲಿ ಸಂಚಾರ. ಪಾಲಿ ವಿನಯದಲ್ಲಿ ಭಿಕ್ಷುಗಳ ನಿಯಮಗಳು 227, ಭಿಕ್ಷುಣಿಯರವು 311. ಪ್ರತಿ ಪಕ್ಷಕ್ಕೊಮ್ಮೆ ಎಲ್ಲರೂ ಕಲೆತು ಅವನ್ನು ಪಠಿಸಿ, ತಪ್ಪನ್ನು ಒಪ್ಪಿಕೊಳ್ಳಬೇಕು. ಬೆಳಗಾಗೆದ್ದು ಮನೆಮನೆಯ ಬಾಗಿಲಲ್ಲಿ ಮೌನವಾಗಿ ನಿಲ್ಲುವ ಈ ಭಿಕ್ಷಾಟನವು ಸಂಘವನ್ನು ಗೃಹಸ್ಥರ ಅಡುಗೆಮನೆಗೆ ಕಟ್ಟಿಹಾಕಿತ್ತು. ಒಂದು ದಿನ ಒಲೆ ಹೊತ್ತದಿದ್ದರೆ ಸಂಘವೇ ಉಪವಾಸ.

ಬೋಧಿ ಲಭಿಸಿದ ತರುವಾಯ ಬುದ್ಧನು ಕಪಿಲವಸ್ತುವಿಗೆ ಮರಳಿದನು. ಮಗನು ತನ್ನ ಊರಿನ ಬೀದಿಗಳಲ್ಲೇ ಭಿಕ್ಷಾಪಾತ್ರೆ ಹಿಡಿದು ನಡೆಯುವುದನ್ನು ಕೇಳಿ ಶುದ್ಧೋದನನು ನಾಚಿ ಕುಗ್ಗಿದನು. ಯಶೋಧರೆಯು ಎದುರುಗೊಳ್ಳಲು ಬರಲಿಲ್ಲವೆಂದೂ, ಬುದ್ಧನೇ ಆಕೆಯಿದ್ದಲ್ಲಿಗೆ ಹೋದಾಗ ಪಾದಗಳನ್ನು ಹಿಡಿದು ಅತ್ತಳೆಂದೂ ಅಟ್ಟಕಥೆಗಳು ಹೇಳುತ್ತವೆ. ಆಕೆಯು ಮಗ ರಾಹುಲನನ್ನು ತಂದೆಯ ಬಳಿಗೆ ಕಳುಹಿಸಿ, ತನ್ನ ಪಾಲಿನ ಆಸ್ತಿಯನ್ನು ಕೇಳೆಂದಳು. ಹುಡುಗನು ಬುದ್ಧನ ಹಿಂದೆಯೇ ನಡೆಯುತ್ತ ಆಸ್ತಿಯನ್ನು ಬೇಡಿದನು. ಬುದ್ಧನು ಸಾರಿಪುತ್ರನನ್ನು ಕರೆದು ಹುಡುಗನಿಗೆ ಪ್ರವ್ರಜ್ಯೆಯನ್ನು ಕೊಡಿಸಿದನು. ಅದೊಂದೇ ಆತನ ಬಳಿಯಿದ್ದ ಆಸ್ತಿ.

ಮುದುಕನ ಎದೆ ಒಡೆಯಿತು. ಮಗನು ಹೋದಾಗ ಪಟ್ಟ ನೋವು ಸಣ್ಣದಲ್ಲ. ಎರಡನೆಯ ಮಗ ನಂದನೂ ಹೋದನು. ಈಗ ಮೊಮ್ಮಗನೂ ಇಲ್ಲ. ಶುದ್ಧೋದನನು ಬುದ್ಧನ ಬಳಿಗೆ ಬಂದು, ಮಕ್ಕಳ ಮೇಲಣ ಪ್ರೀತಿಯು ಚರ್ಮವನ್ನು ಕೊಯ್ದು, ಮಾಂಸವನ್ನು ಕೊಯ್ದು, ಎಲುಬನ್ನು ಸೀಳಿ ಮಜ್ಜೆಗಿಳಿಯುತ್ತದೆಂದು ತನ್ನ ಸಂಕಟವನ್ನು ತೋಡಿಕೊಂಡನು. ಇನ್ನು ಮುಂದೆ ತಂದೆತಾಯಿಗಳ ಅಪ್ಪಣೆಯಿಲ್ಲದೆ ಯಾವ ಮಗನಿಗೂ ದೀಕ್ಷೆ ಕೊಡಬಾರದೆಂದು ಬೇಡಿದನು. ಬುದ್ಧನು ವಾದಿಸಲಿಲ್ಲ, ವೈರಾಗ್ಯದ ಉಪದೇಶವನ್ನೂ ಮಾಡಲಿಲ್ಲ. ಹಾಗೆಯೇ ಆಗಲೆಂದು ಒಪ್ಪಿ ಅದನ್ನು ವಿನಯದ ನಿಯಮವನ್ನಾಗಿ ಮಾಡಿದನು. ಒಬ್ಬ ಗೃಹಸ್ಥನ ದುಃಖವು ಸಂಘದ ಶಾಸನವಾಯಿತು; ಇಂದಿಗೂ ಬೌದ್ಧ ದೇಶಗಳಲ್ಲಿ ಭಿಕ್ಷುವಾಗ ಬಂದವನನ್ನು ತಂದೆತಾಯಿಗಳ ಒಪ್ಪಿಗೆಯುಂಟೆ ಎಂದು ಕೇಳುತ್ತಾರೆ. ತನ್ನ ಮನೆಯವರಿಗೆ ಆದ ನೋವನ್ನು ಹಿಂದಿರುಗಿಸಲು ಬುದ್ಧನಿಗೂ ಶಕ್ಯವಿರಲಿಲ್ಲ. ಬೇರೆ ಮನೆಗಳಿಗೆ ಅದು ತಟ್ಟದಂತೆ ತಡೆಯಲು ಶಕ್ಯವಿತ್ತು, ಅದನ್ನು ಮಾಡಿದನು.

ರಾಹುಲನಿಗೆ ಆತನು ಕಲಿಸಿದ ಬಗೆಯನ್ನು ಮಕ್ಕಳೊಂದಿಗರು ತಿಳಿಯಬೇಕು. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ತುಸು ನೀರನ್ನು ತೋರಿಸಿ, ತಿಳಿದೂ ತಿಳಿದು ಸುಳ್ಳಾಡಲು ನಾಚದವನ ಸಾಧುತನವು ಇಷ್ಟೇ ಅಲ್ಪವೆಂದನು. ಆ ನೀರನ್ನೂ ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ, ಅದು ಹೀಗೆ ಬರಿದಾಗುವುದೆಂದನು. ಕನ್ನಡಿಯು ನೋಡಿಕೊಳ್ಳುವುದಕ್ಕಾಗಿ ಇರುವಂತೆ, ಕೆಲಸವನ್ನು ಮಾಡುವ ಮುನ್ನ, ಮಾಡುವಾಗ, ಮಾಡಿದ ಮೇಲೆ, ಅದು ತನಗೂ ಪರರಿಗೂ ಕೇಡಾಗುವುದೆ ಎಂದು ಮೂರು ಸಲ ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಸಿದನು.

ಶಾಕ್ಯ ತರುಣರು ಗುಂಪಾಗಿ ದೀಕ್ಷೆಗೆ ಬಂದಾಗ, ಜೊತೆಗಿದ್ದ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆಯಾಯಿತು. ಮೊದಲು ದೀಕ್ಷೆ ಪಡೆದವನಿಗೆ ನಂತರದವರು ತಲೆಬಾಗುವುದು ಸಂಘದ ಕ್ರಮವಾದ್ದರಿಂದ, ಕುಲಗರ್ವ ಇಳಿಯಲೆಂದು ಆ ತರುಣರೇ ಹಾಗೆ ಬೇಡಿದ್ದರು. ಬುದ್ಧನ ಕಾಲಾನಂತರ ರಾಜಗೃಹದಲ್ಲಿ ಕೂಡಿದ ಸಂಗೀತಿಯಲ್ಲಿ ವಿನಯವನ್ನು ಪೂರ್ತಿಯಾಗಿ ಹೇಳಿದವನು ಈ ಉಪಾಲಿಯೇ. ಬೀದಿ ಗುಡಿಸುತ್ತಿದ್ದ ಸುನೀತನೂ ಸಂಘದಲ್ಲಿ ವಂದ್ಯನಾದನು. ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಭಿಕ್ಷುಗಳು ಬುದ್ಧನ ಮಾತುಗಳನ್ನು ಛಂದಸ್ಸಿಗೆ ಅಳವಡಿಸುವೆವೆಂದಾಗ ಆತನು ಅದನ್ನು ಗದರಿಸಿ ನಿಲ್ಲಿಸಿ, ಆಡುಭಾಷೆಯಲ್ಲಿಯೇ ಧರ್ಮವನ್ನು ಕಲಿಯಲು ಅನುಮತಿಸಿದನು. ವಚನಗಳನ್ನು ಓದುವವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ತ್ರೀಯರ ವಿಷಯದಲ್ಲಿ ಆತನು ಅಷ್ಟು ಸುಲಭವಾಗಿ ಬಾಗಲಿಲ್ಲ. ಸಾಕಿದ ತಾಯಿ ಪ್ರಜಾಪತಿಯು ದೀಕ್ಷೆಯನ್ನು ಬೇಡಿದಾಗ ನಿರಾಕರಿಸಿದನು. ಆಕೆಯು ಕೂದಲನ್ನು ಕತ್ತರಿಸಿಕೊಂಡು, ಬರಿಗಾಲಿನಲ್ಲಿ ವೈಶಾಲಿಯವರೆಗೆ ನಡೆದು, ಊದಿದ ಕಾಲುಗಳಿಂದ ಧೂಳು ಮೆತ್ತಿದ ಮೈಯಿಂದ ಬಾಗಿಲ ಹೊರಗೆ ಅಳುತ್ತ ನಿಂತಳು. ಆನಂದನು ನಡುವೆ ಬಂದು, ಸ್ತ್ರೀಯರಿಗೆ ಪರಮಪದವು ಸಾಧ್ಯವೇ ಅಲ್ಲವೇ ಎಂದು ಕೇಳಿ, ಸಾಧ್ಯವೆಂಬ ಉತ್ತರವನ್ನು ಪಡೆದು, ಹಾಲೂಡಿಸಿದವಳ ಋಣವನ್ನು ನೆನಪಿಸಿದನು. ಆಗ ಅನುಮತಿ ದೊರೆಯಿತು. ಜೊತೆಗೆ ಭಿಕ್ಷುಣಿಯರನ್ನು ಭಿಕ್ಷುಗಳಿಗೆ ಅಧೀನರನ್ನಾಗಿಸುವ ಎಂಟು ಕಟ್ಟುಗಳೂ ಬಂದವು. ಅಕ್ಕಮಹಾದೇವಿಯನ್ನು ಅನುಭವಮಂಟಪದಲ್ಲಿ ಕಂಡವರಿಗೆ ಈ ಕಟ್ಟುಗಳು ಬಿಗಿಯೆನಿಸದೆ ಇರಲಾರವು.

ಕೌಶಾಂಬಿಯಲ್ಲಿ ಭಿಕ್ಷುಗಳು ಒಂದು ಕ್ಷುಲ್ಲಕ ಕಾರಣಕ್ಕೆ ಎರಡು ಪಂಗಡವಾಗಿ ಕಾದಾಡಿದರು. ಶೌಚದ ಪಾತ್ರೆಯಲ್ಲಿ ಒಬ್ಬನು ನೀರನ್ನು ಉಳಿಸಿದ್ದೇ ಅದರ ಮೂಲವೆಂದು ಅಟ್ಟಕಥೆಯು ಹೇಳುತ್ತದೆ. ಬುದ್ಧನು ಎಷ್ಟು ಸಮಾಧಾನ ಹೇಳಿದರೂ ಅವರು ಕೇಳಲಿಲ್ಲ. ಈ ಜಗಳವನ್ನು ತಮಗೇ ಬಿಡಬೇಕೆಂದರು. ಆತನು ಒಬ್ಬನೇ ಎದ್ದು ಕಾಡಿಗೆ ಹೊರಟುಹೋದನು. ಜಗಳವನ್ನು ನಿಲ್ಲಿಸಿದವರು ಊರಿನ ಗೃಹಸ್ಥರು. ಬುದ್ಧನನ್ನು ಓಡಿಸಿದವರಿಗೆ ನಮಸ್ಕಾರವಿಲ್ಲ, ಭಿಕ್ಷೆಯಿಲ್ಲ ಎಂದು ಅವರು ನಿಶ್ಚಯಿಸಿದರು. ಹಸಿದ ಹೊಟ್ಟೆಯು ಧರ್ಮವನ್ನು ಬೇಗ ನೆನಪಿಸಿತು; ಭಿಕ್ಷುಗಳು ಶ್ರಾವಸ್ತಿಗೆ ಹೋಗಿ ಬುದ್ಧನ ಮುಂದೆ ರಾಜಿಯಾದರು.

ರಾಜಗೃಹದಲ್ಲಿ ಸಿಗಾಲನೆಂಬ ಗೃಹಸ್ಥ ತರುಣನು ಬೆಳಗ್ಗೆ ಒದ್ದೆ ಬಟ್ಟೆ, ಒದ್ದೆ ತಲೆಯಿಂದ ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದನು. ಸಾಯುವಾಗ ತಂದೆ ಹೇಳಿದ್ದರಿಂದ ಮಾಡುತ್ತಿದ್ದನಲ್ಲದೆ ಅರ್ಥವನ್ನರಿಯನು. ಬುದ್ಧನು ಆ ಪೂಜೆಯನ್ನು ಹಳಿಯದೆ ಅದಕ್ಕೆ ತಿರುಳನ್ನು ತುಂಬಿದನು. ಮೂಡಣವು ತಂದೆತಾಯಿಗಳು, ತೆಂಕಣವು ಗುರುಗಳು, ಪಡುವಣವು ಹೆಂಡತಿ ಮಕ್ಕಳು, ಬಡಗಣವು ಸ್ನೇಹಿತರು, ಕೆಳಗಣ ದಿಕ್ಕು ಆಳುಗಳು, ಮೇಲಣದು ಶ್ರಮಣ ಬ್ರಾಹ್ಮಣರು. ಗಂಡನು ಹೆಂಡತಿಯನ್ನು ಗೌರವಿಸಬೇಕು, ಹೀನೈಸಬಾರದು, ಅನ್ಯಳನ್ನು ಬಯಸಬಾರದು, ಮನೆಯ ಅಧಿಕಾರವನ್ನು ಆಕೆಗೆ ಬಿಡಬೇಕು, ಒಡವೆಗಳನ್ನು ಕೊಡಬೇಕು. ಒಡೆಯನು ಆಳಿಗೆ ಶಕ್ತಿಯನ್ನರಿತು ಕೆಲಸ ಹೇಳಬೇಕು, ಕೂಲಿಯನ್ನೂ ಅನ್ನವನ್ನೂ ಕೊಡಬೇಕು, ಜಡ್ಡಾದಾಗ ಆರೈಕೆ ಮಾಡಬೇಕು, ವಿಶೇಷ ತಿನಿಸನ್ನು ಹಂಚಿಕೊಳ್ಳಬೇಕು, ಕಾಲಕಾಲಕ್ಕೆ ಬಿಡುವು ನೀಡಬೇಕು. ಗಳಿಸಿದ ಹಣದಲ್ಲಿ ಒಂದು ಪಾಲು ಅನುಭೋಗಕ್ಕೆ, ಎರಡು ಪಾಲು ಉದ್ಯೋಗಕ್ಕೆ, ನಾಲ್ಕನೆಯದು ಆಪತ್ತಿಗೆ. ಬಂಡವಾಳದ ಲೆಕ್ಕವನ್ನು ಇಷ್ಟು ನಿರ್ಮಮವಾಗಿ ಹೇಳಿದ ಸನ್ಯಾಸಿಗಳು ವಿರಳ.

ಭಗ್ಗ ದೇಶದ ನಕುಲಪಿತನೆಂಬ ಮುದಿ ಗೃಹಸ್ಥನು ಒಮ್ಮೆ ಸಾಯುವಷ್ಟು ಜಡ್ಡಾಗಿ ಮಲಗಿದನು. ಹೆಂಡತಿಯು ಬಳಿಯಲ್ಲಿ ಕುಳಿತು, ಚಿಂತೆಯನ್ನಿಟ್ಟುಕೊಂಡು ಪ್ರಾಣ ಬಿಡಬೇಡವೆಂದು ಸಂತೈಸಿದಳು. ತಾನು ಹತ್ತಿ ನೂಲುವುದರಲ್ಲಿಯೂ ಉಣ್ಣೆ ಹಿಂಜುವುದರಲ್ಲಿಯೂ ಕುಶಲಳು, ಮಕ್ಕಳನ್ನು ಸಾಕಬಲ್ಲೆನು. ಬೇರೆ ಮನೆಗೆ ಹೋಗುವವಳಲ್ಲ. ಧರ್ಮದಲ್ಲಿ ತನ್ನ ಶ್ರದ್ಧೆಯು ಕುಂದುವುದಿಲ್ಲ ಎಂದು ಒಂದೊಂದಾಗಿ ಹೇಳಿದಳು. ಮುದುಕನು ಗುಣಹೊಂದಿ ಕೋಲೂರಿಕೊಂಡು ಬುದ್ಧನ ಬಳಿಗೆ ಬಂದಾಗ, ಇಂತಹ ಮಡದಿಯು ಉಪದೇಶಕಿಯಾಗಿ ದೊರೆತುದು ಅವನ ಭಾಗ್ಯವೆಂದು ಬುದ್ಧನು ಹೊಗಳಿದನು.

ಇನ್ನು ಶ್ರಾವಸ್ತಿಯ ವರ್ತಕ ಅನಾಥಪಿಂಡಿಕನ ಸಂಗತಿ. ರಾಜಕುಮಾರ ಜೇತನ ತೋಪಿನ ನೆಲವನ್ನು ಹಣದಿಂದ ಹಾಸಿ ಕೊಂಡು ಸಂಘಕ್ಕೆ ಅರ್ಪಿಸಿದ ದಾನಿ ಈತನು. ಆ ಜೇತವನದಲ್ಲಿ ಬುದ್ಧನು 19 ಮಳೆಗಾಲಗಳನ್ನು ಕಳೆದನೆಂದು ಸಂಪ್ರದಾಯವಿದೆ. ವರ್ತಕನು ಮರಣಶಯ್ಯೆಯಲ್ಲಿದ್ದಾಗ ಸಾರಿಪುತ್ರನೂ ಆನಂದನೂ ಹೋದರು. ಕಣ್ಣಿಗಾಗಲಿ ಕಿವಿಗಾಗಲಿ ಮನಸ್ಸಿಗಾಗಲಿ, ಈ ಲೋಕಕ್ಕಾಗಲಿ ಆ ಲೋಕಕ್ಕಾಗಲಿ ಅಂಟಿಕೊಳ್ಳದೆ ಇರುವ ಬಗೆಯನ್ನು ಸಾರಿಪುತ್ರನು ಬೋಧಿಸಿದನು. ಅನಾಥಪಿಂಡಿಕನ ಕಣ್ಣಲ್ಲಿ ನೀರು ಬಂತು. ಸಾವಿಗೆ ಅಂಜಿ ಅತ್ತುದಲ್ಲ. ಇಷ್ಟು ಕಾಲ ಬುದ್ಧನ ಸೇವೆ ಮಾಡಿದರೂ ಇಂತಹ ಮಾತು ತನ್ನ ಕಿವಿಗೆ ಬಿದ್ದಿರಲಿಲ್ಲವೆಂದು ಅತ್ತುದು. ಬಿಳಿಬಟ್ಟೆಯ ಗೃಹಸ್ಥರಿಗೆ ಈ ಬೋಧೆಯನ್ನು ಹೇಳುವ ವಾಡಿಕೆಯಿಲ್ಲವೆಂದು ಉತ್ತರ ಬಂದಾಗ ಅವನು, ಗೃಹಸ್ಥರಿಗೂ ಇದನ್ನು ಹೇಳಬೇಕು, ಅವರಲ್ಲಿಯೂ ಕಣ್ಣಲ್ಲಿ ಧೂಳು ಕಡಿಮೆಯಿರುವವರಿದ್ದಾರೆ, ಕೇಳದೆ ಅವರು ಕೆಡುವರು ಎಂದು ಬೇಡಿಕೊಂಡನು. ಉರುವೇಲೆಯಲ್ಲಿ ಬುದ್ಧನು ತನ್ನ ಹಿಂಜರಿಕೆಯನ್ನು ಬಿಟ್ಟದ್ದೂ ಇದೇ ಕಾರಣದಿಂದ. ಅದೇ ದಿನ ಅನಾಥಪಿಂಡಿಕನು ತೀರಿಕೊಂಡನು. ಶೀಲ ದಾನಗಳನ್ನು ಮನೆಯವರಿಗೂ ತಿರುಳನ್ನು ಮಠದವರಿಗೂ ಹಂಚುವ ರೂಢಿಯ ಮೇಲೆ ಒಬ್ಬ ದಾನಿಯು ಸಾಯುತ್ತ ಹೂಡಿದ ಈ ತಕರಾರನ್ನು ಬೌದ್ಧರೇ ತಮ್ಮ ಗ್ರಂಥದಲ್ಲಿ ಉಳಿಸಿಕೊಂಡಿರುವುದು ಅವರ ದೊಡ್ಡತನ.

ಎಂಬತ್ತನೆಯ ವಯಸ್ಸಿನಲ್ಲಿ ಬುದ್ಧನು ಕೊನೆಯ ಪ್ರಯಾಣವನ್ನು ಕೈಕೊಂಡನು. ಆ ಮೊದಲೊಮ್ಮೆ, ಭೇದಿಯಿಂದ ತನ್ನ ಮಲದಲ್ಲಿಯೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಆನಂದನೊಡನೆ ತಾನೇ ತೊಳೆದು ಮಲಗಿಸಿ, ತನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲೆಂದು ವಿಧಿಸಿದ್ದನು. ಈಗ ರೋಗವು ಆತನಿಗೇ ಬಂತು. ಪಾವಾ ನಗರದ ಕಮ್ಮಾರ ಚುಂದನ ಮನೆಯಲ್ಲಿ ಉಂಡ ಬಳಿಕ ರಕ್ತಭೇದಿ ಹತ್ತಿತು. ದಾರಿಯಲ್ಲಿ ಬಳಲಿ ಕುಳಿತಾಗ ಆತನಿಗೆ ಬಂದ ಚಿಂತೆಯು ಚುಂದನದು. ಬುದ್ಧನಿಗೆ ಕೊನೆಯ ಊಟವಿಕ್ಕಿ ಕೊಂದವನೆಂದು ಆ ಬಡವನನ್ನು ಜನರು ದೂಷಿಸಬಾರದು, ಅವನು ತಾನೇ ನೊಂದುಕೊಳ್ಳಬಾರದು. ಬೋಧಿಗೆ ಮುನ್ನ ಉಂಡ ಊಟವೂ ಪರಿನಿರ್ವಾಣಕ್ಕೆ ಮುನ್ನ ಉಂಡ ಊಟವೂ ಪುಣ್ಯದಲ್ಲಿ ಸಮಾನವೆಂದು ಚುಂದನಿಗೆ ತಿಳಿಸಬೇಕೆಂದು ಆನಂದನಿಗೆ ಅಪ್ಪಣೆ ಮಾಡಿದನು.

ಕುಶಿನಗರದಲ್ಲಿ ಎರಡು ಸಾಲವೃಕ್ಷಗಳ ನಡುವೆ ಮಲಗಿದನು. ಬಾಗಿಲ ಚೌಕಟ್ಟಿಗೆ ಒರಗಿ ಅಳುತ್ತಿದ್ದ ಆನಂದನನ್ನು ಕರೆಸಿ, ಪ್ರಿಯವಾದುದೆಲ್ಲ ಅಗಲಲೇಬೇಕೆಂದು ಸಂತೈಸಿ, ಅವನ ಸೇವೆಯನ್ನು ಎಲ್ಲರೆದುರು ಕೊಂಡಾಡಿದನು. ಪೀಠಕ್ಕೆ ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ; ತಾನು ಕಲಿಸಿದ ಧರ್ಮವೂ ವಿನಯವೂ ಇನ್ನು ಗುರುವೆಂದನು. ದೇಹದ ಸಂಸ್ಕಾರದ ಗೊಡವೆ ಭಿಕ್ಷುಗಳಿಗೆ ಬೇಡ, ಅದನ್ನು ಗೃಹಸ್ಥ ಭಕ್ತರು ನೋಡಿಕೊಳ್ಳುವರೆಂದು ಮೊದಲೇ ಹೇಳಿದ್ದನು. ಹಾಗೆಯೇ ಕುಶಿನಗರದ ಮಲ್ಲರು ದಹನವನ್ನು ನಡೆಸಿದರು. ಅಸ್ಥಿಗಳಿಗಾಗಿ ಕಲಹ ಹುಟ್ಟಿದಾಗ ದ್ರೋಣನೆಂಬ ಬ್ರಾಹ್ಮಣನು ಅವನ್ನು ಎಂಟು ಪಾಲು ಮಾಡಿ ಹಂಚಿ, ಅಳೆದ ಕೊಡವನ್ನು ತಾನು ಕೇಳಿ ಪಡೆದನು.

ಕ್ರಿ.ಪೂ. 3ನೆಯ ಶತಮಾನದಲ್ಲಿ ಈ ಧರ್ಮವನ್ನು ಹಿಡಿದ ಅಶೋಕನೂ ಗೃಹಸ್ಥನೇ. ಅವನ ಹೆಸರನ್ನು ಬಿಚ್ಚಿ ಹೇಳಿದ ಶಾಸನವು 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ದೊರೆಯಿತು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಅವನ ಶಾಸನವುಂಟು. ಅಲ್ಲಿಗೆ ಜಾತ್ರೆಗೆ ಹೋಗುವ ಭಕ್ತರಲ್ಲಿ ಎಷ್ಟೋ ಜನರು ಅದನ್ನು ನೋಡದೆಯೇ ಮರಳುತ್ತಾರೆ. ತಾನು ಉಪಾಸಕನಾದ ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲವೆಂದು ಚಕ್ರವರ್ತಿಯು ಈ ಶಾಸನಗಳಲ್ಲಿ ನಾಚದೆ ಒಪ್ಪಿಕೊಂಡಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅದರ ಮುಂದೆ ಇನ್ನಷ್ಟು ಸಾಲುಗಳಿವೆ: ತಂದೆತಾಯಿಗಳ ಮಾತನ್ನು ನಡೆಸುವುದು, ಜೀವಿಗಳಲ್ಲಿ ದಯೆ, ಸತ್ಯವನ್ನಾಡುವುದು, ಶಿಷ್ಯನು ಗುರುವನ್ನು ಗೌರವಿಸುವುದು, ಬಂಧುಗಳೊಡನೆ ತಕ್ಕ ರೀತಿಯಿಂದ ನಡೆಯುವುದು.